ಹವಳದ ಟ್ಯಾಂಕಿಗೆ ಯಾವ ಎಲ್‌ಇಡಿ ಲೈಟ್ ತಗೊಳ್ಳಲಿ? ಪ್ರಶ್ನೋತ್ತರ

ಪ್ರಶ್ನೆ (ವಿಜಯನಗರ, ಬೆಂಗಳೂರು):
ನಮಸ್ಕಾರ ಸರ್. ಹೋದ ವರ್ಷ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡಿ ಬಂದೆ. ಅವತ್ತಿನಿಂದ ಹವಳದ ಹುಚ್ಚು ಹಿಡಿದಿದೆ. ಮನೆಯಲ್ಲಿ ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಇದೆ. ಉಪ್ಪುನೀರು ತುಂಬಿಸಿ ನಾಲ್ಕು ತಿಂಗಳಾಯಿತು. ಎರಡು ಕ್ಲೌನ್ ಮೀನು ಆರಾಮಾಗಿವೆ. ಈಗ ಜೊವಾಂತಿಡ್, ಮಶ್ರೂಮ್, ಒಂದು ಲೆದರ್ ಕೋರಲ್, ಈ ಮೂರು ಮೆತ್ತನೆಯ ಹವಳಗಳನ್ನು ಇಡುವ ಆಸೆ. ಸದ್ಯ ಇರುವುದು ಸಿಹಿನೀರಿನ ಟ್ಯಾಂಕಿನ 18 ವ್ಯಾಟ್ ಬಿಳಿ ಲೈಟ್. ಅಂಗಡಿಯವರು 165 ವ್ಯಾಟಿನ ಬಾಕ್ಸ್ ಲೈಟ್ ತಗೊಳ್ಳಿ ಅಂತಾರೆ. ಗೆಳೆಯ ಎಐ ಪ್ರೈಮ್ (ಆಕ್ವಾ ಇಲ್ಯುಮಿನೇಷನ್ ಕಂಪನಿಯ ಚಿಕ್ಕ ಎಲ್‌ಇಡಿ ಲೈಟ್) ತಗೋ ಅಂತಾನೆ. ಲೀಟರಿಗೆ ಇಷ್ಟು ವ್ಯಾಟ್ ಅಂತ ಏನಾದರೂ ಲೆಕ್ಕ ಇದೆಯಾ?

ಉತ್ತರ:
ನಮಸ್ಕಾರ. ಟ್ಯಾಂಕ್ ನಾಲ್ಕು ತಿಂಗಳು ಓಡಿದ ಮೇಲೆ ಹವಳದ ಮಾತು ಎತ್ತಿದ್ದೀರಿ. ಬಹಳ ಖುಷಿಯಾಯಿತು. ನಮ್ಮ ಈ ಅಕ್ವೇರಿಯಂ ಗುಂಪಿಗೆ ಬರುವ ಅರ್ಧ ಸಮಸ್ಯೆಗಳು ಅವಸರದಿಂದಲೇ ಬರೋದು.

ಲೀಟರಿಗೆ ಇಷ್ಟು ವ್ಯಾಟ್ ಅನ್ನೋ ಲೆಕ್ಕ ಟ್ಯೂಬ್‌ಲೈಟ್ ಕಾಲದ್ದು. ಆಗ ಎಲ್ಲರ ಟ್ಯೂಬೂ ಹೆಚ್ಚುಕಡಿಮೆ ಒಂದೇ ಥರ ಇರುತ್ತಿದ್ದವು, ಹಾಗಾಗಿ ಅದು ನಡೆಯುತ್ತಿತ್ತು. ಎಲ್‌ಇಡಿಗೆ ಅದು ಹೊಂದಲ್ಲ. ವ್ಯಾಟ್ ಅಂದರೆ ಲೈಟು ಎಷ್ಟು ಕರೆಂಟ್ ತಿನ್ನುತ್ತೆ ಅಂತ ಅಷ್ಟೇ. ಹವಳದ ಮೈಮೇಲೆ ಎಷ್ಟು ಬೆಳಕು, ಯಾವ ಬಣ್ಣದ ಬೆಳಕು ಬೀಳುತ್ತೆ ಅಂತ ಅದು ಹೇಳಲ್ಲ. ಅದು ಗೊತ್ತಾಗಬೇಕಾದರೆ ಲೆನ್ಸ್, ನೇತುಹಾಕಿದ ಎತ್ತರ, ಎಲ್‌ಇಡಿಗಳ ಬಣ್ಣ ಎಲ್ಲ ನೋಡಬೇಕು.

ನೇತ್ರಾಣಿಯಲ್ಲಿ ನೀರಿನೊಳಗೆ ಇಳಿದಾಗ ಒಂದು ವಿಷಯ ಗಮನಿಸಿರುತ್ತೀರಿ. ಕೆಂಪು ಬಟ್ಟೆ ಹಾಕಿದ್ದರೆ ಕೆಳಗೆ ಹೋಗುತ್ತಾ ಹೋಗುತ್ತಾ ಅದು ಮಾಸಿದ ಬೂದಿ ಬಣ್ಣಕ್ಕೆ ತಿರುಗುತ್ತೆ. ಸಮುದ್ರದ ನೀರು ಕೆಂಪು ಬೆಳಕನ್ನು ಮೊದಲ ಕೆಲವು ಮೀಟರಿನಲ್ಲೇ ನುಂಗಿಬಿಡುತ್ತೆ. ತಿಳಿನೀರಿನಲ್ಲಿ ತುಂಬಾ ಆಳಕ್ಕೆ ಇಳಿಯುವುದು ನೀಲಿ. ಹವಳದ ಮೈಯೊಳಗೆ ಜೂಜಾಂತೆಲ್ಲಿ ಅನ್ನೋ ಸಣ್ಣ ಪಾಚಿ ವಾಸವಾಗಿರುತ್ತೆ. ಅದು ಬೆಳಕಿನಲ್ಲಿ ಅಡುಗೆ ಮಾಡಿ ಹವಳಕ್ಕೂ ಬಡಿಸುತ್ತೆ. ಆ ಪಾಚಿ ಪಳಗಿರುವುದು ಇದೇ ನೀಲಿ ಬೆಳಕಿಗೆ. ಹಾಗಾಗಿ ರೀಫ್ ಲೈಟಿನಲ್ಲಿ, ಅಂದರೆ ಹವಳದ ಟ್ಯಾಂಕಿನ ಲೈಟಿನಲ್ಲಿ, ಮುಖ್ಯವಾದದ್ದು ರಾಯಲ್ ಬ್ಲೂ, ಅಂದರೆ 450 ನ್ಯಾನೋಮೀಟರ್ ಆಸುಪಾಸಿನ ನೀಲಿ. ಜೊತೆಗೆ ಸ್ವಲ್ಪ ನೇರಳೆ ಇದ್ದರೆ ಒಳ್ಳೆಯದು. ಬಿಳಿ ಬೆಳಕು ಹೆಚ್ಚಾಗಿ ನಮ್ಮ ಕಣ್ಣಿನ ಸಮಾಧಾನಕ್ಕೆ. ನಿಮ್ಮ 18 ವ್ಯಾಟಿನ ಲೈಟು ಮೀನು ನೋಡೋಕೆ ಸಾಕು, ಹವಳ ಸಾಕೋಕೆ ಸಾಲದು.

ಬೆಳಕಿನ ಪ್ರಮಾಣಕ್ಕೆ ನಾವು ಬಳಸುವ ಅಳತೆ ಪಾರ್. 400ರಿಂದ 700 ನ್ಯಾನೋಮೀಟರ್ ಒಳಗಿನ ಬೆಳಕಿನ ಕಣಗಳು ಒಂದು ಜಾಗಕ್ಕೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಅನ್ನೋದರ ಲೆಕ್ಕ ಅದು. ನಡುಮಧ್ಯಾಹ್ನ ಬಿರುಬಿಸಿಲಿನಲ್ಲಿ ಸುಮಾರು 2000 ಇರುತ್ತೆ. ಮಶ್ರೂಮಿಗೆ 50 ಆದರೂ ನಡೆಯುತ್ತೆ. ಜೊವಾಂತಿಡ್, ಲೆದರ್‌ಗೆ 80ರಿಂದ 150 ಸಾಕು. 250, 300 ಕೇಳೋದು ಕೊಂಬೆ ಕೊಂಬೆಯಾಗಿ ಬೆಳೆಯುವ ಗಟ್ಟಿ ಹವಳಗಳು. ನೀವು ಅವನ್ನು ಇಡುತ್ತಿಲ್ಲ. ಅಂದಮೇಲೆ ಅಷ್ಟು ಬೆಳಕಿಗೆ ದುಡ್ಡು ಯಾಕೆ ಕೊಡಬೇಕು?

ನಿಮ್ಮ ಟ್ಯಾಂಕಿನಲ್ಲಿ ಹಿಡಿಯುವುದು ಸುಮಾರು 120 ಲೀಟರ್. ಮೇಲಿಂದ ನೋಡಿದರೆ ಎರಡು ಅಡಿಗೆ ಒಂದೂವರೆ ಅಡಿ. ಎಐ ಪ್ರೈಮ್ ಥರದ, 60 ವ್ಯಾಟ್ ಆಸುಪಾಸಿನ ಒಂದೇ ಲೈಟ್ ಇದಕ್ಕೆ ಧಾರಾಳವಾಯಿತು. ಬಣ್ಣಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸಬಹುದು. ಬೆಳಗ್ಗೆ ನಿಧಾನಕ್ಕೆ ಹತ್ತಿ ಸಂಜೆ ನಿಧಾನಕ್ಕೆ ಆರುವ ಹಾಗೆ ಮಾಡಬಹುದು. ದುಡ್ಡು ಹೊಂದುವುದಾದರೆ ನಾನು ಇದನ್ನೇ ಹೇಳುತ್ತೇನೆ.

ಬಾಕ್ಸ್ ಲೈಟ್ ಕೆಟ್ಟದ್ದಲ್ಲ. ಅದರಲ್ಲಿ ಮೂರು ವ್ಯಾಟಿನ 55 ಎಲ್‌ಇಡಿ ಇರುತ್ತವೆ, ಅದಕ್ಕೇ 165 ಅನ್ನೋದು. ನಿಜವಾಗಿ ಪ್ಲಗ್ಗಿನಿಂದ ಎಳೆಯೋದು ಅದಕ್ಕಿಂತ ಕಡಿಮೆ. ಸಾಮಾನ್ಯವಾಗಿ ಎರಡು ತಿರುಪು ಇರುತ್ತವೆ, ನೀಲಿಗೊಂದು, ಬಿಳಿಗೊಂದು. ನಿಮ್ಮ ಟ್ಯಾಂಕಿಗೆ ಇದರ ಬೆಳಕು ಜಾಸ್ತಿಯೇ. ಕಡಿಮೆ ಬೆಲೆಗೆ ಸಿಗುತ್ತೆ ಅಂತ ತಗೊಂಡರೂ ನೀರಿನಿಂದ ಒಂದು ಅಡಿ ಮೇಲಕ್ಕೆ ನೇತುಹಾಕಿ, ನೀಲಿ ಶೇಕಡಾ 30, ಬಿಳಿ ಶೇಕಡಾ 10ರ ಮೇಲೆ ಹೋಗದೆ ಶುರು ಮಾಡಿ. ಒಂದು ಟೈಮರ್ ಮಾತ್ರ ಖಂಡಿತ ಬೇಕು.

ಪ್ರಶ್ನೆ (ಅದೇ ಸದಸ್ಯರು):
ಧನ್ಯವಾದ ಸರ್. ಲೈಟ್ ಬಂದ ಮೇಲೆ ಮೊದಲ ದಿನ ಎಷ್ಟರಲ್ಲಿ ಇಡಬೇಕು? ಪೂರ್ತಿ ಹಾಕಿದರೆ ಬೇಗ ಬೆಳೆಯಲ್ವಾ?

ಉತ್ತರ:
ಬೆಳೆಯಲ್ಲ, ಸುಟ್ಟುಹೋಗುತ್ತೆ. ದಯವಿಟ್ಟು ಈ ಒಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಬೆಳಕು ಕಡಿಮೆಯಾದರೆ ಹವಳ ವಾರಗಟ್ಟಲೆ ಸೂಚನೆ ಕೊಡುತ್ತೆ, ನಾವು ಸರಿ ಮಾಡಬಹುದು. ಜಾಸ್ತಿಯಾದರೆ ಕೆಲವೇ ದಿನದಲ್ಲಿ ಕೈ ಮೀರುತ್ತೆ.

ಕೆಲವು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಮನೆಯಲ್ಲಿ ಹಳೆಯ ಟಿ5 ಟ್ಯೂಬ್ ತೆಗೆದು ಹೊಸ ಎಲ್‌ಇಡಿ ಹಾಕಿದರು. ಪ್ರೀತಿಯಿಂದಲೇ ಪೂರ್ತಿ 100ಕ್ಕೆ ಇಟ್ಟಿದ್ದರು. ನಾಲ್ಕನೇ ದಿನ ನನ್ನನ್ನು ಕರೆದರು. ಬಂಡೆಯ ಮೇಲೆ ಅಂಗೈ ಅಗಲಕ್ಕೆ ಹರಡಿಕೊಂಡಿದ್ದ ಕೆಂಪು ಮಶ್ರೂಮ್ ನಾಲ್ಕಾಣೆಯಷ್ಟಕ್ಕೆ ಮುದುಡಿತ್ತು. ಅಂಚು ಒಳಕ್ಕೆ ಸುರುಟಿಕೊಂಡು, ನಡುವೆ ಹಾಲಿಗೆ ನೀರು ಬೆರೆಸಿದ ಹಾಗೆ ಬಣ್ಣ ತೆಳುವಾಗಿತ್ತು. ಅದೇ ಬಂಡೆಯ ನೆರಳಿನ ಬದಿಯಲ್ಲಿದ್ದ ಅದರ ಮರಿ ಮಾತ್ರ ಮೊದಲಿನ ಹಾಗೇ ಕೆಂಪಗೆ ಇತ್ತು. ನೀರು ಅದೇ, ಬಂಡೆ ಅದೇ. ಎರಡಕ್ಕೂ ನಡುವೆ ಇದ್ದ ವ್ಯತ್ಯಾಸ ಬೆಳಕೊಂದೇ. ತಕ್ಷಣ 25ಕ್ಕೆ ಇಳಿಸಿದೆವು. ದೊಡ್ಡದು ಚೇತರಿಸಿಕೊಳ್ಳೋಕೆ ಎರಡು ತಿಂಗಳಿಗಿಂತ ಜಾಸ್ತಿ ಹಿಡಿಯಿತು.

ಬೆಳಕು ವಿಪರೀತವಾದಾಗ ಒಳಗಿನ ಪಾಚಿ ಅದನ್ನು ಅರಗಿಸಿಕೊಳ್ಳಲಾರದೆ, ಆಮ್ಲಜನಕವನ್ನು ವಿಷದ ರೂಪದಲ್ಲಿ ಹೊರಹಾಕೋಕೆ ಶುರು ಮಾಡುತ್ತೆ. ಹವಳ ತನ್ನನ್ನು ಉಳಿಸಿಕೊಳ್ಳೋಕೆ ಪಾಚಿಯನ್ನೇ ಹೊರಗೆ ದಬ್ಬುತ್ತೆ. ಬಣ್ಣ ಹೋಗೋದು ಅದಕ್ಕೇ. ನೀರು ಬಿಸಿಯಾದರೂ ಹೀಗೇ ಆಗುತ್ತೆ. ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ ಬೆಳ್ಳಗಾದದ್ದು ಕಡಲು ಕಾದು. ಬಿಸಿ ಮತ್ತು ಬೆಳಕು ಎರಡೂ ಸೇರಿದರೆ ಪೆಟ್ಟು ಇನ್ನೂ ಜೋರು. ಏಪ್ರಿಲ್ ತಿಂಗಳಲ್ಲಿ ನಿಮ್ಮ ಟ್ಯಾಂಕಿನ ನೀರು 28 ಡಿಗ್ರಿ ದಾಟಿದರೆ, ಮೇಲಿಂದ ಫ್ಯಾನ್ ಹಾಕಿ, ಜೊತೆಗೆ ಲೈಟನ್ನೂ ಸ್ವಲ್ಪ ಇಳಿಸಿ. ಇದನ್ನು ಬಹಳ ಜನ ಮಾಡಲ್ಲ.

ನಿಮ್ಮ ಲೈಟನ್ನು ಶೇಕಡಾ 25ರಲ್ಲಿ ಶುರು ಮಾಡಿ. ವಾರಕ್ಕೆ ಐದರಂತೆ ಏರಿಸಿ. 40, 45ಕ್ಕೆ ಬಂದಾಗ ನಿಲ್ಲಿಸಿ ಒಂದು ತಿಂಗಳು ಸುಮ್ನೆ ನೋಡಿ. ದಿನಕ್ಕೆ ಎಂಟು ಒಂಬತ್ತು ಗಂಟೆ ಸಾಕು. ರಾತ್ರಿ ಪೂರ್ತಿ ಕತ್ತಲೆ ಬೇಕು, ಚಂದ ಕಾಣುತ್ತೆ ಅಂತ ನೀಲಿ ಲೈಟ್ ಉರಿಸಬೇಡಿ. ಹೊಸ ಹವಳ ತಂದಾಗ ಮೊದಲು ತಳದ ಮರಳಿನ ಮೇಲೆ ಇಡಿ, ಆಮೇಲೆ ಮೇಲಕ್ಕೆ ತನ್ನಿ.

ಪ್ರಶ್ನೆ (ಮೈಸೂರು):
ಸರ್, ಪಾರ್ ಮೀಟರ್ ಬೆಲೆ ಕೇಳಿದರೆ ಲೈಟಿಗಿಂತ ಜಾಸ್ತಿ ಇದೆ. ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಂಡಿದ್ದೇನೆ. ಅದು ಸಾಕಾಗಲ್ವಾ?

ಉತ್ತರ:
ಮೇಡಂ, ಲಕ್ಸ್ ಅನ್ನೋದು ಮನುಷ್ಯರ ಕಣ್ಣಿಗೆ ಮಾಡಿದ ಅಳತೆ. ನಮ್ಮ ಕಣ್ಣಿಗೆ ಹಸಿರು ಹತ್ತಿರದ ಬೆಳಕು, ಅಂದರೆ 555 ನ್ಯಾನೋಮೀಟರಿನದು, ಎಲ್ಲಕ್ಕಿಂತ ಪ್ರಖರವಾಗಿ ಕಾಣುತ್ತೆ. 450ರ ನೀಲಿ ಮಂದವಾಗಿ ಕಾಣುತ್ತೆ. ಲಕ್ಸ್ ಮೀಟರ್ ಕೂಡ ಹಾಗೇ ಓದುತ್ತೆ. ನೀಲಿ ಲೈಟಿನ ಕೆಳಗೆ ಅದು ಕಡಿಮೆ ತೋರಿಸುತ್ತೆ, ನೀವು ಸಾಲದು ಅಂತ ಏರಿಸುತ್ತೀರಿ, ಅಲ್ಲಿ ಹವಳಕ್ಕೆ ಆಗಲೇ ವಿಪರೀತವಾಗಿರುತ್ತೆ. ಬರೀ ಕಣ್ಣಂದಾಜಿನಲ್ಲಿ ಹೋದರೂ ಇದೇ ತಪ್ಪಾಗುತ್ತೆ.

ಪಾರ್ ಮೀಟರ್ ಕೊಳ್ಳಬೇಕಾಗಿಲ್ಲ. ವರ್ಷಕ್ಕೆ ಒಂದೆರಡು ಸಲ ಬೇಕಾಗುವ ಸಾಮಾನು ಅದು. ಆಪೋಜಿ ಕಂಪನಿಯ 510 ಮೀಟರ್ ನೀರಿನೊಳಗೆ ಅಳೆಯೋಕೇ ಮಾಡಿದ್ದು, ನೀಲಿಯನ್ನೂ ಸರಿಯಾಗಿ ಓದುತ್ತೆ. ನಿಮ್ಮ ಊರಿನ ನಾಲ್ಕೈದು ಜನ ಸೇರಿ ಒಂದು ತಗೊಂಡು ಕೈಬದಲು ಮಾಡಿಕೊಳ್ಳಿ. ಅಳೆಯುವಾಗ ಹವಳ ಕೂರುವ ಜಾಗದಲ್ಲೇ ಸೆನ್ಸರ್ ಇಡಿ. ಮಧ್ಯದಲ್ಲಿ 180 ಇದ್ದು ಮೂಲೆಯಲ್ಲಿ 50 ಇರಬಹುದು. ಆ ನಂಬರುಗಳನ್ನು ಟ್ಯಾಂಕಿನ ಚಿತ್ರ ಬರೆದು ಗುರುತು ಹಾಕಿಟ್ಟುಕೊಂಡರೆ, ಯಾವುದನ್ನು ಎಲ್ಲಿ ಇಡಬೇಕು ಅನ್ನೋ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಪ್ರಶ್ನೆ (ಮಂಗಳೂರು):
ಅಣ್ಣ, ನಮ್ಮ ಮನೆ ಸಮುದ್ರದ ಹತ್ತಿರವೇ ಇದೆ. ಮೀನುಗಾರರ ಬಲೆಯಲ್ಲಿ ಕೆಲವು ಸಲ ಗಟ್ಟಿ ಹವಳದ ತುಂಡು ಬರುತ್ತೆ. ಅದನ್ನು ತಂದು ಸಾಕೋದಾದರೆ ಎಷ್ಟು ಪಾರ್ ಬೇಕು?

ಉತ್ತರ:
ತಮ್ಮಾ, ಪಾರ್ ವಿಷಯ ಆಮೇಲೆ. ಅದನ್ನು ಮನೆಗೆ ತರಬೇಡಿ. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕರಿ ಹವಳ, ಬೀಸಣಿಗೆಯ ಹಾಗೆ ಕಾಣುವ ಸೀ ಫ್ಯಾನ್, ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ. ಹುಲಿ, ಆನೆ ಇರುವ ಪಟ್ಟಿ ಅದು. ನಮ್ಮ ಕಡಲಿನಿಂದ ಕೀಳುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಬಲೆಗೆ ಬಂದದ್ದನ್ನು ಅಲ್ಲೇ ನೀರಿಗೆ ಬಿಡೋಕೆ ಹೇಳಿ. ಹೊರದೇಶದ್ದು ಅಂತ ಅಂಗಡಿಯಲ್ಲಿ ಮಾರುವ ಗಟ್ಟಿ ಹವಳಕ್ಕೂ ಆಮದಿನ ಕಾಗದಪತ್ರ ಇರಲೇಬೇಕು. ಕೇಳಿ ನೋಡಿ, ತೋರಿಸದಿದ್ದರೆ ಕೈ ಹಾಕಬೇಡಿ.

ನಾನು ಈ ಗುಂಪಿನಲ್ಲಿ ಯಾವಾಗಲೂ ಜೊವಾಂತಿಡ್, ಮಶ್ರೂಮ್, ಲೆದರ್ ಅಂತ ಹೇಳುವುದಕ್ಕೆ ಇದೂ ಒಂದು ಕಾರಣ. ಮಶ್ರೂಮ್ ತಾನಾಗೇ ಮರಿ ಹಾಕುತ್ತೆ, ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಕೊಡಬಹುದು. ಕಡಲಿಗೆ ಕೈ ಹಾಕಬೇಕಾಗಿಲ್ಲ. ನಮ್ಮ ಹವ್ಯಾಸದಿಂದ ನಮ್ಮದೇ ಕಡಲು ಬರಿದಾಗಬಾರದು, ಅಲ್ವಾ?

ಪ್ರಶ್ನೆ (ಹುಬ್ಬಳ್ಳಿ):
ಸರ್, ಕರೆಂಟ್ ಬಿಲ್ ಎಷ್ಟು ಬರಬಹುದು? ನಮ್ಮಲ್ಲಿ ದಿನಾ ಒಂದೆರಡು ತಾಸು ಕರೆಂಟ್ ಹೋಗುತ್ತೆ. ಲೈಟಿಗೂ ಯುಪಿಎಸ್ ಬೇಕಾ?

ಉತ್ತರ:
60 ವ್ಯಾಟಿನ ಲೈಟು ಪೂರ್ತಿ ಬೆಳಕಿನಲ್ಲಿ ಒಂಬತ್ತು ಗಂಟೆ ಉರಿದರೂ ದಿನಕ್ಕೆ ಅರ್ಧ ಯೂನಿಟ್ ಚಿಲ್ಲರೆ, ತಿಂಗಳಿಗೆ 16 ಯೂನಿಟ್. ನಾವು ಅರ್ಧಕ್ಕೇ ಇಡುವುದರಿಂದ ಇನ್ನೂ ಕಡಿಮೆ ಬರುತ್ತೆ.

ಲೈಟಿಗೆ ಯುಪಿಎಸ್ ಬೇಡ. ಒಂದು ದಿನವಿಡೀ ಬೆಳಕಿಲ್ಲದಿದ್ದರೂ ಹವಳಕ್ಕೆ ಏನೂ ಆಗಲ್ಲ, ಕಡಲಿನಲ್ಲೂ ಮೋಡ ಕವಿಯುತ್ತೆ. ಯುಪಿಎಸ್ ಕೊಡಬೇಕಾದದ್ದು ನೀರು ಓಡಿಸುವ ಪಂಪಿಗೆ. ಅದು ನಿಂತರೆ ಮೀನಿಗೆ ಉಸಿರು ಸಾಲದಾಗುತ್ತೆ.

ಕರೆಂಟ್ ಮಾತು ಬಂತಲ್ಲ, ಇದನ್ನೂ ಕೇಳಿ. ಉಪ್ಪುನೀರು ಕರೆಂಟನ್ನು ಸಲೀಸಾಗಿ ಹರಿಸುತ್ತೆ. ಸ್ವಿಚ್‌ಬೋರ್ಡ್ ಟ್ಯಾಂಕಿನ ಕೆಳಗೆ ಇರಬಾರದು. ವೈರು ಬೋರ್ಡಿಗೆ ಹೋಗುವ ಮುಂಚೆ ಒಮ್ಮೆ ಕೆಳಕ್ಕೆ ಜೋತು ಆಮೇಲೆ ಮೇಲೇರಬೇಕು, ಆಗ ಹನಿ ಅಲ್ಲೇ ತೊಟ್ಟಿಕ್ಕುತ್ತೆ, ಪ್ಲಗ್ಗಿಗೆ ಹೋಗಲ್ಲ. ಅರ್ತ್ ಸರಿ ಇರಲಿ. ಎಲೆಕ್ಟ್ರಿಷಿಯನ್ ಕರೆಸಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್, ಹಾಕಿಸಿ. ಲೈಟಿನ ಗಾಜಿನ ಮೇಲೆ ಉಪ್ಪಿನ ಪೊರೆ ಕಟ್ಟಿ ಬೆಳಕು ಕುಗ್ಗುತ್ತೆ. ವಾರಕ್ಕೊಮ್ಮೆ ಪ್ಲಗ್ ತೆಗೆದು, ಆರಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಪ್ರಶ್ನೆ (ವಿಜಯನಗರ, ಏಳು ವಾರದ ನಂತರ):
ಸರ್, ನೀವು ಹೇಳಿದ ಹಾಗೇ ಚಿಕ್ಕ ಲೈಟ್ ತಗೊಂಡು 25ರಲ್ಲಿ ಶುರು ಮಾಡಿದೆ, ಈಗ 40ರಲ್ಲಿದೆ. ಮಶ್ರೂಮ್ ಒಂದು ಮರಿ ಹಾಕಿದೆ. ಮನೆಮಂದಿ ಎಲ್ಲ ಸೇರಿ ನೋಡಿದೆವು. ಲೆದರ್ ಚೆನ್ನಾಗಿ ಅರಳುತ್ತಿದೆ. ಆದರೆ ಮೂಲೆಯಲ್ಲಿ ತಳಕ್ಕೆ ಇಟ್ಟ ಜೊವಾಂತಿಡ್‌ಗಳ ಕಾಂಡ ಉದ್ದುದ್ದ ಎಳೆದುಕೊಂಡಿದೆ, ಎಲ್ಲವೂ ಲೈಟಿನ ಕಡೆಗೇ ಬಾಗಿವೆ. ಬೆಳಕು ಏರಿಸಲಾ?

ಉತ್ತರ:
ಮರಿ ಬಂದದ್ದು ಕೇಳಿ ಮನಸ್ಸು ತುಂಬಿತು. ಜೊವಾಂತಿಡ್ ಹಾಗೆ ಕತ್ತು ಚಾಚಿದರೆ ಅದಕ್ಕೆ ಬೆಳಕು ಸಾಲುತ್ತಿಲ್ಲ ಅಂತಲೇ ಅರ್ಥ. ಆದರೆ ಲೈಟ್ ಏರಿಸಬೇಡಿ. ಏರಿಸಿದರೆ ನೆಮ್ಮದಿಯಾಗಿರುವ ಮಶ್ರೂಮಿಗೆ ತೊಂದರೆ. ಜೊವಾಂತಿಡ್ ಕೂತಿರುವ ಕಲ್ಲನ್ನೇ ಮೂಲೆಯಿಂದ ಮಧ್ಯಕ್ಕೆ ತಂದು, ನಾಲ್ಕು ಬೆರಳು ಮೇಲಕ್ಕೆ ಕೂರಿಸಿ.

ಕೈ ಹಾಕುವ ಮುಂಚೆ ಗ್ಲೌಸ್, ಕನ್ನಡಕ ಹಾಕಿಕೊಳ್ಳಿ. ಕೆಲವು ಜೊವಾಂತಿಡ್‌ಗಳಲ್ಲಿ ಪಾಲಿಟಾಕ್ಸಿನ್ ಅನ್ನೋ ಕಡುವಿಷ ಇರುತ್ತೆ. ಕೈಯಲ್ಲಿ ಗಾಯವಿದ್ದರೆ ಮುಟ್ಟಲೇಬೇಡಿ. ಆ ಕಲ್ಲನ್ನು ಕುದಿಸುವುದಾಗಲಿ ಬ್ರಷ್ ಹಾಕಿ ಉಜ್ಜುವುದಾಗಲಿ ಎಂದಿಗೂ ಬೇಡ, ಅದರ ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದುಂಟು. ಕಲ್ಲು ಸರಿಸಿದ ಮೇಲೆ ಎರಡು ದಿನ ಮುಚ್ಚಿಕೊಂಡಿದ್ದರೆ ಗಾಬರಿ ಬೇಡ. ಹತ್ತು ದಿನ ಬಿಟ್ಟು, ಲೈಟ್ ಹತ್ತಿ ಒಂದು ಗಂಟೆಯಾದ ಮೇಲೆ ಒಂದು ಫೋಟೋ ತೆಗೆದು ಹಾಕಿ. ಕಾಂಡ ಗಿಡ್ಡವಾಗಿ ಮುಖ ಅಗಲವಾಗಿದೆಯಾ ಅಂತ ನೋಡಿ ಹೇಳುತ್ತೇನೆ.