ಹಳೆಯ ಹೆಂಚಿನ ಮಾಡನ್ನು ಬಿಚ್ಚಿ ಶಿಂಗಲ್ಸ್ ಹಾಕಿಸಬಹುದೇ? ಮಲೆನಾಡಿನ ಮಳೆಗೆ ಯಾವುದು ತಡೆದೀತು?

ಪ್ರಶ್ನೆ — ಹೊಸನಗರ ತಾಲ್ಲೂಕಿನಿಂದ

ಎಲ್ಲರಿಗೂ ನಮಸ್ಕಾರ. ನಗರದ ಹತ್ತಿರದ ಹಳ್ಳಿಯೊಂದರಲ್ಲಿರುವ ನಮ್ಮ ಮನೆಯ ಮಾಡನ್ನು ಬರುವ ಬೇಸಿಗೆಯಲ್ಲಿ ಪೂರ್ತಿ ಬಿಚ್ಚಿ ಹೊಸದಾಗಿ ಮಾಡಿಸಬೇಕಾಗಿದೆ. ಅಜ್ಜನ ಕಾಲದಲ್ಲಿ ಸೋಗೆ ಹೊದಿಸುತ್ತಿದ್ದ ಮನೆಗೆ ಅಪ್ಪ ಮಂಗಳೂರು ಹೆಂಚು ಹಾಕಿಸಿದರು. ಈಗ ಹೆಂಚು ಕೂರುವ ಮರದ ಪಟ್ಟಿಗಳಾದ ರೀಪುಗಳಲ್ಲಿ ಅರ್ಧಕ್ಕರ್ಧ ವರಲೆ ಹಿಡಿದಿವೆ; ಪಡುವಣ ಬದಿಯಲ್ಲಿ ರೀಪನ್ನು ಹೊರುವ ಇಳಿಜಾರು ಮರಗಳಾದ ಪಕಾಸುಗಳ ತುದಿ ಸೂರಿನ ಹತ್ತಿರ ಕೈಯಲ್ಲಿ ಒತ್ತಿದರೆ ಪುಡಿಯಾಗುವಷ್ಟು ಕೊಳೆತಿದೆ. ಪ್ರತಿವರ್ಷ ಮೃಗಶಿರಾ ಮಳೆಗೆ ಮೊದಲು ಹೆಂಚು ಕೈಯಾಡಿಸಲು ಬರುತ್ತಿದ್ದವರಿಗೆ ವಯಸ್ಸಾಗಿದೆ, ಅವರ ಮಕ್ಕಳು ಆ ಕೆಲಸಕ್ಕೆ ಬಂದಿಲ್ಲ. ಇದರ ಮೇಲೆ ಮಂಗಗಳ ಕಾಟ. ಕಳೆದ ವರ್ಷ ಪುನರ್ವಸು ಮಳೆಯಲ್ಲಿ ಒಂದು ಮಧ್ಯಾಹ್ನ ಮಂಗಗಳ ಹಿಂಡು ಹಲಸಿನ ಮರದಿಂದ ಮಾಡಿಗೆ ಹಾರಿ ಏಳೆಂಟು ಹೆಂಚುಗಳನ್ನು ಒಡೆದಿತ್ತು. ಆ ರಾತ್ರಿ ಅಮ್ಮ ಮಲಗುವ ಕೋಣೆಯಲ್ಲಿ ಕೊಳಗ, ಬಕೆಟ್ಟು, ಕೊನೆಗೆ ಬೋಗುಣಿಗಳನ್ನೂ ಇಟ್ಟುಕೊಂಡು ಬೆಳಗು ಮಾಡಿದೆವು.

ಬೆಂಗಳೂರಿನಲ್ಲಿರುವ ತಮ್ಮ ಶಿಂಗಲ್ಸ್ (ಮಾಡಿಗೆ ಹೊದಿಸುವ ಡಾಂಬರಿನ ಪಟ್ಟಿ) ಹಾಕಿಸೋಣ ಎನ್ನುತ್ತಿದ್ದಾನೆ. ಹಗುರವಾಗಿರುತ್ತದೆ, ಮಂಗ ಹಾರಿದರೆ ಒಡೆಯುವುದಿಲ್ಲ, ನೋಡಲು ಚೆನ್ನಾಗಿರುತ್ತದೆ ಎಂಬುದು ಅವನ ವಾದ. ಸೂರೂ ಸೇರಿ ಮಾಡಿನ ಕೆಳಗಿನ ನೆಲದ ಅಳತೆ ಸುಮಾರು 1,200 ಚದರಡಿ ಇದೆ. ಇಳಿಜಾರನ್ನು ನಾನೇ ಅಳೆದೆ: ಮಟ್ಟಗೋಲನ್ನು ಅಡ್ಡಲಾಗಿ ಹಿಡಿದಾಗ 12 ಇಂಚಿಗೆ 8 ಇಂಚು ಇಳಿಯುತ್ತದೆ. ಅಡುಗೆಮನೆಯಲ್ಲಿ ಗ್ಯಾಸ್ ಇದ್ದರೂ ಕಟ್ಟಿಗೆ ಒಲೆಯನ್ನು ಬಿಟ್ಟಿಲ್ಲ, ಬಚ್ಚಲಿನ ಹಂಡೆಗೆ ದಿನವೂ ಬೆಂಕಿ ಬೀಳುತ್ತದೆ. ಶಿಂಗಲ್ಸ್ ನಮ್ಮ ಕಡೆಯ ಮಳೆಯನ್ನು ತಾಳುತ್ತದೆಯೇ, ಹಾಕಿಸುವುದಾದರೆ ಯಾವುದನ್ನು ಗಮನಿಸಬೇಕು ಎಂದು ಅನುಭವವಿರುವವರು ದಯವಿಟ್ಟು ತಿಳಿಸಬೇಕು. ಅಮ್ಮ ಇರುವಷ್ಟು ಕಾಲ ಈ ಮಾಡನ್ನು ಮತ್ತೊಮ್ಮೆ ಬಿಚ್ಚುವಂತಾಗಬಾರದು ಎಂಬುದು ನನ್ನ ಮುಖ್ಯ ಆಸೆ.

ಉತ್ತರ — ಶಿವಮೊಗ್ಗದಿಂದ, ಮಾಡಿನ ಕೆಲಸ ಮಾಡಿಸುವವರು

ಮೊದಲು ತೂಕದ ಲೆಕ್ಕವನ್ನು ನೋಡೋಣ. ನೀವು ಕೊಟ್ಟ ಇಳಿಜಾರು ಸುಮಾರು 34 ಡಿಗ್ರಿಯಾಗುತ್ತದೆ. ಆ ಇಳಿಜಾರಿನಲ್ಲಿ 1,200 ಚದರಡಿ ನೆಲಕ್ಕೆ ಮಾಡಿನ ಮೈ ಸುಮಾರು 1,440 ಚದರಡಿ, ಅಂದರೆ ನಮ್ಮ ಭಾಷೆಯಲ್ಲಿ ಹದಿನಾಲ್ಕೂವರೆ ಚದರಕ್ಕೆ ಸ್ವಲ್ಪ ಕಡಿಮೆ. ಚದರಕ್ಕೆ 140ರಂತೆ ಎರಡು ಸಾವಿರ ಹೆಂಚು ಬೇಕು. ಒಂದೊಂದು 2.4 ಕೆ.ಜಿ. ತೂಗಿದರೆ ಒಣ ಹೆಂಚಿನ ಭಾರವೇ 4,800 ಕೆ.ಜಿ. ಆಗುತ್ತದೆ. ಇಷ್ಟೇ ಮೈಗೆ ಶಿಂಗಲ್ಸ್ ಹಾಕಿದರೆ, ಅದರ ಕೆಳಗಿನ 12 ಮಿ.ಮೀ. ಪ್ಲೈವುಡ್ಡನ್ನೂ ಸೇರಿಸಿ ಎರಡೂವರೆ ಟನ್ನಿನ ಆಸುಪಾಸಿನಲ್ಲಿ ಮುಗಿಯುತ್ತದೆ. ನಿಮ್ಮ ತಮ್ಮನವರು ಹಗುರ ಎಂದಿದ್ದು ನಿಜ.

ಆದರೆ ಶಿಂಗಲ್ಸ್ ಎಂಬುದು ಹೆಂಚಿನ ಹಾಗೆ ತನ್ನ ಕಾಲ ಮೇಲೆ ತಾನು ನಿಲ್ಲುವ ವಸ್ತುವಲ್ಲ. ಗಾಜಿನ ನಾರಿನ ಹಾಳೆಗೆ ಡಾಂಬರು ಲೇಪಿಸಿ, ಅದರ ಮೇಲೆ ಕಲ್ಲಿನ ಹರಳು ಒತ್ತಿ ಮಾಡಿದ ಪಟ್ಟಿ ಅದು. ಹೆಂಚು ರೀಪಿಗೆ ತನ್ನ ಮೂಗನ್ನು ಸಿಕ್ಕಿಸಿಕೊಂಡು ಕೂರುತ್ತದೆ. ಶಿಂಗಲ್ಸಿಗೆ ಮಾಡಿನ ಉದ್ದಗಲಕ್ಕೂ ಹಲಗೆಯ ಹಾಸು ಬೇಕು, ಹಾಸಿನ ಮೇಲೆ ನೀರು ತಡೆಯುವ ಹಾಳೆ ಬೇಕು, ಆಮೇಲೆ ಮೊಳೆ. ಹಾಗಾಗಿ ಶಿಂಗಲ್ಸಿನ ಆಯುಷ್ಯವನ್ನು ಕೇಳುವವರಿಗೆ ನಾನು ಹಾಸಿನ ಆಯುಷ್ಯವನ್ನು ಹೇಳುತ್ತೇನೆ. ಐಎಸ್ (ಭಾರತೀಯ ಮಾನಕ) 710 ಮುದ್ರೆಯಿರುವ ಮೆರೈನ್ ಪ್ಲೈವುಡ್ಡನ್ನೇ ಬಳಸಬೇಕು. ಐಎಸ್ 303ರ ಸಾಮಾನ್ಯ ಪ್ಲೈವುಡ್ಡು ಪೀಠೋಪಕರಣಕ್ಕೆ ಸರಿ, ನಿಮ್ಮೂರಿನ ಮಳೆಗಾಲಕ್ಕೆ ಸಲ್ಲದು. ಹಲಗೆಗಳ ನಡುವೆ 3 ಮಿ.ಮೀ. ಸಂದು ಬಿಡದಿದ್ದರೆ ತೇವಕ್ಕೆ ಉಬ್ಬಿ ಅಂಚುಗಳು ಮೇಲೇಳುತ್ತವೆ. ಶಿಂಗಲ್ ಒಂದಕ್ಕೆ ನಾಲ್ಕು ಮೊಳೆ ಸಾಮಾನ್ಯ ಪದ್ಧತಿ. ಘಟ್ಟದ ಗಾಳಿಗೆ ಎದುರಾಗಿರುವ ಪಡುವಣ ಬದಿಗೆ ಆರು ಹೊಡೆಸಿ. ನಿಮ್ಮ ಇಳಿಜಾರಿನ ಬಗ್ಗೆ ಚಿಂತೆ ಬೇಡ, ಶಿಂಗಲ್ಸಿಗೆ 12ಕ್ಕೆ 4 ಇದ್ದರೂ ಸಾಕು.

ಇನ್ನೊಂದು ವಿಷಯವನ್ನು ಗುತ್ತಿಗೆದಾರರು ಬಾಯಿಬಿಟ್ಟು ಹೇಳುವುದು ಕಡಿಮೆ: ಹಾಸಿನ ಕೆಳಗೆ ಗಾಳಿ ಆಡಬೇಕು. ಶಿಂಗಲ್ಸ್ ಬಳಕೆ ಹೆಚ್ಚಿರುವ ಅಮೆರಿಕದಲ್ಲಿ ಅಟ್ಟದ ನೆಲದ ನೂರೈವತ್ತನೇ ಒಂದು ಭಾಗದಷ್ಟು ಗಾಳಿಕಂಡಿ ಇರಬೇಕೆಂಬ ನಿಯಮವಿದೆ. ನಿಮ್ಮ ಮನೆಗೆ ಅದು 8 ಚದರಡಿ. ಅರ್ಧ ಸೂರಿನಲ್ಲಿ, ಅರ್ಧ ಮಾಡಿನ ನೆತ್ತಿಯಲ್ಲಿ.

ಉತ್ತರ — ಸಾಗರದಿಂದ

ಮೇಲಿನವರು ಕೊನೆಗೆ ಹೇಳಿದ ಮಾತನ್ನು ನಾವು ನಷ್ಟ ಅನುಭವಿಸಿ ಕಲಿತೆವು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಐದು ವರ್ಷಗಳ ಹಿಂದೆ ನಮ್ಮ ಮನೆಗೆ ಶಿಂಗಲ್ಸ್ ಹಾಕಿಸಿದೆವು. ಮೊದಲ ಮಳೆಗಾಲ ಕಳೆದಾಗ ಎಲ್ಲರಿಗೂ ಸಂತೋಷವಾಗಿತ್ತು. ಮಂಗ ಬಂದರೂ ಹೋದರೂ ತಿಳಿಯುತ್ತಿರಲಿಲ್ಲ, ಶೀಟಿನ ಮನೆಗಳಲ್ಲಿ ಕೇಳುವ ಮಳೆಯ ಅಬ್ಬರವೂ ಇರಲಿಲ್ಲ. ಎರಡನೇ ವರ್ಷ ಆರಿದ್ರಾ ಮಳೆ ಹಿಡಿದ ಮೇಲೆ ಬಚ್ಚಲಿನ ಪಕ್ಕದ ಕೋಣೆಯ ಮುಚ್ಚಿಗೆಯಲ್ಲಿ ಕಾಫಿ ಚೆಲ್ಲಿದಂಥ ಕಲೆ ಕಾಣಿಸಿತು. ಕೆಲಸ ಮಾಡಿದವರನ್ನು ಕರೆಸಿದೆವು. ಅವರು ಮೇಲೆ ಹತ್ತಿ ಮೊಳೆಗಳ ತಲೆಗೆ ಡಾಂಬರು ಬಳಿದು ಹೋದರು. ಕಲೆ ನಿಲ್ಲಲಿಲ್ಲ, ಮತ್ತೆ ಬಂದು ಮತ್ತೆ ಬಳಿದರು. ಒಂದು ದಿನ ನಸುಕಿನಲ್ಲಿ ಐದು ಗಂಟೆಗೆ ನಮ್ಮ ಯಜಮಾನರು ಟಾರ್ಚು ಹಿಡಿದು ಅಟ್ಟ ಹತ್ತಿದರು. ಹಿಂದಿನ ರಾತ್ರಿ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ಆದರೂ ಪ್ಲೈವುಡ್ಡಿನಿಂದ ಕೆಳಗೆ ಚಾಚಿಕೊಂಡಿದ್ದ ಮೊಳೆಗಳ ತುದಿಯಲ್ಲೆಲ್ಲ ಒಂದೊಂದು ಹನಿ ನೀರು ತೂಗುತ್ತಿತ್ತು, ಕೆಸುವಿನ ಎಲೆಯ ಅಂಚಿನಲ್ಲಿ ಇಬ್ಬನಿ ನಿಂತ ಹಾಗೆ ಸಾಲಾಗಿ. ನೀರು ಮೇಲಿನಿಂದ ಇಳಿದದ್ದಲ್ಲ. ಬಚ್ಚಲಿನ ಹಂಡೆಯ ಆವಿ, ಅಡುಗೆಮನೆಯ ಆವಿ, ನಾಲ್ಕು ತಿಂಗಳು ಒಳಗೇ ಒಣಗಿಸುವ ಬಟ್ಟೆಗಳ ತೇವ, ಇವೆಲ್ಲ ಮೇಲೇರಿ, ಹೊರಗೆ ಹೋಗಲು ದಾರಿಯಿಲ್ಲದೆ ತಣ್ಣಗಿನ ಮೊಳೆಗೆ ತಾಗಿ ನೀರಾಗುತ್ತಿದ್ದವು. ಹೆಂಚಿನ ಮಾಡಿನಲ್ಲಿ ಇದೇ ಆವಿ ಹೆಂಚು ಹೆಂಚಿನ ಸಂದಿಯಿಂದ ತಾನಾಗಿ ಹೊರಗೆ ಹೋಗುತ್ತಿತ್ತು. ಅದು ಮಾಡುತ್ತಿದ್ದ ಉಪಕಾರ ಅಲ್ಲಿಯವರೆಗೆ ನಮಗೆ ಗೊತ್ತೇ ಇರಲಿಲ್ಲ.

ಮಳೆ ಮುಗಿದ ಮೇಲೆ ಆ ಭಾಗವನ್ನು ಬಿಚ್ಚಿಸಿದಾಗ ಪ್ಲೈವುಡ್ಡು ಪುಟಪುಟವಾಗಿ ಬಿಟ್ಟುಕೊಂಡು ಬಂತು. ಬಚ್ಚಲು ಮತ್ತು ಅಡುಗೆಮನೆಯ ಮೇಲೆ ಮತ್ತೆ ಹೆಂಚು ಹಾಕಿಸಿದೆವು, ಉಳಿದ ಭಾಗಕ್ಕೆ ಸೂರಿನಲ್ಲೂ ನೆತ್ತಿಯಲ್ಲೂ ಗಾಳಿಕಂಡಿ ಮಾಡಿಸಿದೆವು. ಅಲ್ಲಿಂದೀಚೆಗೆ ತೊಂದರೆಯಿಲ್ಲ.

ಪಾಚಿಯ ಬಗ್ಗೆಯೂ ಹೇಳಬೇಕು. ಬಡಗಣ ಬದಿಯಲ್ಲಿ, ಮರದ ನೆರಳು ಬೀಳುವಲ್ಲಿ, ಮೂರನೇ ವರ್ಷಕ್ಕೆ ಕಪ್ಪು ಗೆರೆಗಳು ಬಂದವು, ಆಮೇಲೆ ಹಾವಸೆ ಬೆಳೆಯಿತು. ದಯವಿಟ್ಟು ತಂತಿಯ ಬ್ರಶ್ಶಿನಿಂದ ತಿಕ್ಕಿಸಬೇಡಿ, ಪ್ರೆಶರ್ ಪಂಪಿನಿಂದ ತೊಳೆಸಬೇಡಿ. ನಾವು ಒಮ್ಮೆ ತೊಳೆಸಿದಾಗ ಸೂರಿನಲ್ಲಿ ನೀರು ಹರಿಯುವ ದೋಣಿಯ ತುಂಬ ಕಪ್ಪು ಮರಳಿನಂಥದ್ದು ಬಂದು ನಿಂತಿತು. ಅದು ಕೊಳೆಯಲ್ಲ, ಶಿಂಗಲ್ಸಿನ ಮೈಮೇಲಿನ ಹರಳು. ಹರಳು ಹೋದರೆ ಒಳಗಿನ ಡಾಂಬರಿಗೆ ಬಿಸಿಲು ನೇರವಾಗಿ ಬಡಿಯುತ್ತದೆ.

ಉತ್ತರ — ತೀರ್ಥಹಳ್ಳಿಯಿಂದ, ಸಿವಿಲ್ ಎಂಜಿನಿಯರ್

ಸಾಗರದವರು ಬರೆದದ್ದನ್ನು ಓದಿದ ಮೇಲೆ ನನ್ನ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗಿದೆ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಮುತ್ತ ಹಲವು ಮಾಡುಗಳನ್ನು ನೋಡಿದ್ದೇನೆ. ಅಲ್ಲಿ ಮಾಡನ್ನು ಕೆಡಿಸುವುದು ಸುರಿದು ಹರಿದುಹೋಗುವ ನೀರಿಗಿಂತ ಹೆಚ್ಚಾಗಿ ಒಳಗೆ ಉಳಿದ ತೇವ. ಒಲೆ ಉರಿಯುವ ಮನೆಗೆ ಮುಚ್ಚಿದ ಹಾಸಿನ ಮಾಡು ಹೊಂದುವುದಿಲ್ಲ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಆ ಹೊಗೆಯೇ ಅಷ್ಟು ವರ್ಷ ನಿಮ್ಮ ಅಡುಗೆಮನೆಯ ಪಕಾಸುಗಳನ್ನು ಕಾಪಾಡಿರುತ್ತದೆ. ಬಿಚ್ಚುವಾಗ ನೋಡಿ, ಒಲೆಯ ಮೇಲಿನ ಕಪ್ಪು ಹಿಡಿದ ಮರ ಗಟ್ಟಿಯಾಗಿಯೇ ಇರುವ ಸಂಭವ ಹೆಚ್ಚು.

ಭಾರದ ವಿಷಯದಲ್ಲಿ ಗಾಬರಿ ಬೇಡ. ನಿಮ್ಮ ಗೋಡೆಗಳು ಆ ಐದು ಟನ್ನನ್ನು ಇಷ್ಟು ವರ್ಷ ಹೊತ್ತಿವೆ. ಸೋತಿರುವುದು ರೀಪು ಮತ್ತು ಪಕಾಸಿನ ತುದಿ. ಅದಕ್ಕೆ ಕಾರಣ ಪಡುವಣದ ಇರಿಚಲು, ಆದ್ದರಿಂದ ಯಾವ ಹೊದಿಕೆಯನ್ನೇ ಹಾಕಿಸಿದರೂ ಆ ಬದಿಯ ಸೂರನ್ನು ಗೋಡೆಯಿಂದ ಮೂರಡಿಯಾದರೂ ಮುಂದೆ ತನ್ನಿ.

ಮಂಗಗಳಿಗಾಗಿ ಇತ್ತೀಚೆಗೆ ನಮ್ಮ ಕಡೆ ಹಲವರು ಮಾಡುತ್ತಿರುವ ಕ್ರಮವನ್ನು ಪರಿಶೀಲಿಸಿ: ಪಕಾಸಿನ ಮೇಲೆ ಮೊದಲು ಗ್ಯಾಲ್ವಾಲ್ಯೂಮ್ ಶೀಟು (ಸತು ಮತ್ತು ಅಲ್ಯೂಮಿನಿಯಂ ಲೇಪವಿರುವ ಉಕ್ಕಿನ ತಗಡು), ಅದರ ಮೇಲೆ ರೀಪು ಕಟ್ಟಿ ಹೆಂಚು. ಹೆಂಚು ಒಡೆದರೂ ನೀರು ಶೀಟಿನ ಮೇಲೆ ಇಳಿದು ಸೂರಿಗೆ ಹೋಗುತ್ತದೆ, ಒಡೆದದ್ದನ್ನು ಆಳು ಸಿಕ್ಕಾಗ ಬದಲಾಯಿಸಿದರೆ ಸಾಕು. ಹೆಂಚು ಮೇಲಿರುವುದರಿಂದ ಮಳೆಯ ಸದ್ದೂ ಬಿಸಿಲಿನ ಕಾವೂ ಕಡಿಮೆ. ಶೀಟು 0.50 ಮಿ.ಮೀ. ದಪ್ಪದ್ದಿರಲಿ, ಇಡೀ ಮಾಡಿಗೆ ಅದರಿಂದ ಹೆಚ್ಚಾಗುವ ಭಾರ 600 ಕೆ.ಜಿ.ಯ ಆಸುಪಾಸು ಮಾತ್ರ. ರೀಪು ಶೀಟಿನ ಏಣಿನ ಮೇಲೆ ಕೂರಬೇಕು, ನೀರು ಹರಿಯುವ ತಗ್ಗನ್ನು ಅದು ಅಡ್ಡಗಟ್ಟಬಾರದು. ಶೀಟಿನ ಕೆಳಮೈಯಲ್ಲೂ ಆವಿ ಹನಿಗಟ್ಟಬಹುದಾದ್ದರಿಂದ ಅಡುಗೆಮನೆ ಮತ್ತು ಬಚ್ಚಲಿನ ಮೇಲೆ ಬರೀ ಹೆಂಚನ್ನೇ ಇಡಿ.

ಹಳೆಯ ಹೆಂಚನ್ನು ಮಾರಿಬಿಡಬೇಡಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಬೆಳೆದುಬಂದ ಈ ಹೆಂಚು ಸರಿಯಾಗಿ ಬೆಂದಿದ್ದರೆ ಎರಡು ತಲೆಮಾರಿಗೆ ಬಾಳುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬೆರಳ ಗೆಣ್ಣಿನಿಂದ ಬಡಿದಾಗ ಕಂಚಿನ ಪಾತ್ರೆಯಂತೆ ನಾದ ಬರಬೇಕು. ಮಂಕು ಸದ್ದು ಬಂದರೆ ಬಿರುಕಿದೆ ಅಥವಾ ಬೆಂದದ್ದು ಸಾಲದು. ಚೆನ್ನಾಗಿ ಒಣಗಿದ ಹೆಂಚನ್ನು ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿ, ಮೈ ಒರೆಸಿ ಮತ್ತೆ ತೂಗಿ. ಹೆಚ್ಚಾದ ತೂಕ ಮೊದಲಿನದರ ಶೇಕಡಾ 18ನ್ನು ಮೀರದಿದ್ದರೆ ಐಎಸ್ 654 ಹೇಳುವ ಮೇಲ್ದರ್ಜೆಯ ಮಿತಿಯೊಳಗೆ ಬಂತು. 20ರವರೆಗೆ ಎರಡನೇ ದರ್ಜೆ.

ಪಾಚಿಗೆ ಒಂದು ಮಾತು. ಅಡಿಕೆಯ ಕೊಳೆ ರೋಗಕ್ಕೆ ಮೈಲುತುತ್ತದಲ್ಲಿರುವ ತಾಮ್ರ ಹೇಗೆ ಕೆಲಸ ಮಾಡುತ್ತದೆಯೋ, ಮಾಡಿನ ನೆತ್ತಿಯಲ್ಲಿ ಕೂರಿಸಿದ ತಾಮ್ರದ ಪಟ್ಟಿಯೂ ಮಳೆನೀರಿನಲ್ಲಿ ಸ್ವಲ್ಪಸ್ವಲ್ಪವೇ ಕರಗಿ ಪಾಚಿಯನ್ನು ಹಾಗೆಯೇ ತಡೆಯುತ್ತದೆ. ಆದರೆ ಆ ನೀರು ಗ್ಯಾಲ್ವಾಲ್ಯೂಮ್ ಶೀಟು ಅಥವಾ ದೋಣಿಯ ಮೇಲೆ ಹರಿದರೆ ಅದರ ಸತು ಮತ್ತು ಅಲ್ಯೂಮಿನಿಯಂ ಲೇಪವನ್ನು ತಿನ್ನುತ್ತದೆ. ಶೀಟು ಇರುವ ಮಾಡಿಗೆ ಸತುವಿನ ಪಟ್ಟಿಯೇ ಸರಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃದಯಪೂರ್ವಕ ವಂದನೆಗಳು. ಸಾಗರದವರ ಅನುಭವವನ್ನು ಅಮ್ಮನಿಗೆ ಓದಿ ಹೇಳಿದೆ. "ಮಾಡಿಗೂ ಉಸಿರು ಬೇಕಲ್ಲ" ಎಂದರು.

ಮಾಡಿನಿಂದ ಐದು ಹೆಂಚು ಇಳಿಸಿ, ಒಲೆಯ ಪಕ್ಕ ಎರಡು ದಿನ ಒಣಗಿಸಿ ತೂಗಿದೆ. ಒಂದು 2.350 ಕೆ.ಜಿ. ಇತ್ತು, ಒಂದು ಹಗಲು ಒಂದು ರಾತ್ರಿ ನೆನೆದ ಮೇಲೆ 2.720 ಆಯಿತು. ಅಂದರೆ ಶೇಕಡಾ 16ಕ್ಕಿಂತ ಸ್ವಲ್ಪ ಕಡಿಮೆ. ಉಳಿದವುಗಳಲ್ಲಿ ಮೂರು ಹೆಚ್ಚುಕಡಿಮೆ ಹೀಗೆಯೇ ಇವೆ. ಐದನೆಯದಕ್ಕೆ ನಾದವಿರಲಿಲ್ಲ, ಒರೆಸುವಾಗ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಅಪ್ಪ ತರಿಸಿದ ಹೆಂಚನ್ನೇ ಮತ್ತೆ ಹೊದಿಸುವುದೆಂದು ನಿಶ್ಚಯಿಸಿದ್ದೇವೆ: ಅಡುಗೆಮನೆ ಮತ್ತು ಬಚ್ಚಲಿಗೆ ಬರೀ ಹೆಂಚು, ಉಳಿದ ಕಡೆ ಕೆಳಗೆ ಶೀಟು. ತಮ್ಮನೂ ಒಪ್ಪಿದ್ದಾನೆ.

ಒಂದು ಸಂದೇಹ ಉಳಿದಿದೆ. ಮುಂಬಾಗಿಲಿನ ಎದುರು ವಾಹನ ನಿಲ್ಲಿಸಲು ಇಳಿಜಾರಾದ ಸಣ್ಣ ಆರ್‌ಸಿಸಿ ಮಾಡನ್ನು ಹೊಸದಾಗಿ ಹಾಕಿಸುತ್ತಿದ್ದೇವೆ. ಮೂರೂ ಬದಿ ತೆರೆದಿರುತ್ತದೆ, ಒಲೆಯಿಲ್ಲ, ಆವಿಯಿಲ್ಲ. ಅದಕ್ಕಾದರೂ ಶಿಂಗಲ್ಸ್ ಹಾಕಿಸಬಹುದೇ?

ಉತ್ತರ — ಶಿವಮೊಗ್ಗದಿಂದ

ಧಾರಾಳವಾಗಿ ಹಾಕಿಸಬಹುದು, ಶಿಂಗಲ್ಸ್ ಚೆನ್ನಾಗಿ ಬಾಳುವುದು ಇಂಥ ಜಾಗದಲ್ಲೇ. ಆದರೆ ಕಾಂಕ್ರೀಟು ಹಾಕಿ 28 ದಿನ ಕಳೆದ ಮೇಲೂ ಬಿಸಿಲಿನಲ್ಲಿ ಚೆನ್ನಾಗಿ ಒಣಗಲು ಬಿಡಿ, ಅವಸರ ಮಾಡಬೇಡಿ. ಮೇಲ್ಮೈಯನ್ನು ಗಾರೆಯಿಂದ ನಯಮಾಡಿಸಿ, ನೀರು ತಡೆಯುವ ಹಾಳೆ ಅಂಟಿಸಿ, ಆಮೇಲೆ ಕಾಂಕ್ರೀಟು ಮೊಳೆ ಮತ್ತು ಡಾಂಬರಿನ ಅಂಟು ಎರಡನ್ನೂ ಬಳಸಿ ಕೂರಿಸಬೇಕು. ಕಾಂಕ್ರೀಟಿನಲ್ಲಿ ಮೊಳೆಯೊಂದನ್ನೇ ನಂಬಲಾಗದು. ಮಾಡು ಮನೆಯ ಗೋಡೆಗೆ ತಾಗುವಲ್ಲಿ ತಗಡಿನ ಪಟ್ಟಿಯ ಮೇಲಂಚು ಗೋಡೆಯೊಳಗೆ ಕೊರೆದ ಸೀಳಿನಲ್ಲಿ ಕೂರಲಿ. ಗೋಡೆಯ ಮೇಲೆ ಬರೀ ಅಂಟಿಸಿದ ಪಟ್ಟಿ ಎರಡು ಮಳೆಗಾಲದಲ್ಲಿ ಬಿಡುತ್ತದೆ.

ಶಿಂಗಲ್ ಪಟ್ಟಿಯ ಅಡಿಯಲ್ಲಿರುವ ಅಂಟು ಕೆಳಗಿನ ಸಾಲನ್ನು ಕಚ್ಚಿಕೊಳ್ಳಬೇಕಾದರೆ ಬಿಸಿಲಿನ ಕಾವು ಬೇಕು. ಶಿವರಾತ್ರಿಯಿಂದ ಯುಗಾದಿಯೊಳಗೆ ಕೆಲಸ ಮುಗಿಸಿದರೆ ಏಪ್ರಿಲ್ ತಿಂಗಳ ಬಿಸಿಲು ಪೂರ್ತಿ ಸಿಗುತ್ತದೆ. ಮೇ ತಿಂಗಳ ಕೊನೆಯಲ್ಲಿ ಮೋಡದ ಕೆಳಗೆ ಹಾಕಿಸಿದ್ದು ಅಂಟಿಕೊಳ್ಳುವ ಮೊದಲೇ ಮುಂಗಾರಿನ ಗಾಳಿ ಅದರ ಅಂಚನ್ನು ಎತ್ತುತ್ತದೆ. ಸಾಮಾನ್ಯವಾಗಿ ಮೂರು ಕಟ್ಟು ಒಂದು ಚದರಕ್ಕೆ ಬರುತ್ತದೆ. ಒಂದು ಕಟ್ಟು ಹೆಚ್ಚಿಗೆ ತರಿಸಿ, ಅಟ್ಟದಲ್ಲಿ ನೆರಳಿರುವಲ್ಲಿ ಸಮತಟ್ಟಾಗಿ ಮಲಗಿಸಿಡಿ. ಹತ್ತು ವರ್ಷದ ನಂತರ ಒಂದೆರಡು ಪಟ್ಟಿ ಬದಲಾಯಿಸಬೇಕಾಗಿ ಬಂದರೆ ಅದೇ ಬಣ್ಣ ಅಂಗಡಿಯಲ್ಲಿ ಸಿಗುವುದು ಕಷ್ಟ.