ಯೌವನಸ್ಥರ ಕೂಟವನ್ನು ಸೇವೆಯ ಕಡೆ ತಿರುಗಿಸೋದು ಹೇಗೆ? ಮಾಡಿ ನೋಡಿದವರು ಹೇಳಿ

ಪ್ರಶ್ನೆ:
ನಮ್ಮ ಚರ್ಚಿನ ಯೌವನಸ್ಥರ ಕೂಟದ ಹೊಣೆ ಹೋದ ತಿಂಗಳು ನನ್ನ ತಲೆಗೆ ಬಂತು. 18 ಜನ ಇದ್ದಾರೆ, ಹೆಚ್ಚಿನವರು ಹದಿನೈದರಿಂದ ಇಪ್ಪತ್ತೆರಡರ ಒಳಗಿನವರು. ಹಾಡು, ಆಟ, ಬೈಬಲ್ ಕ್ವಿಜ್ ಎಲ್ಲಾ ಆಯ್ತು. ಈಗ ಆಕಳಿಕೆ ಶುರುವಾಗಿದೆ. ಜನಸೇವೆ, ನ್ಯಾಯದ ಕೆಲಸ ಇವನ್ನೇ ಮುಖ್ಯ ಮಾಡಿಕೊಳ್ಳಬೇಕು ಅಂತ ಆಸೆ. ಆದರೆ ನ್ಯಾಯ ಅಂದ ಕೂಡಲೇ ಕೆಲವು ಹಿರಿಯರು "ರಾಜಕೀಯ ಬೇಡಪ್ಪ" ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಹಲವು ವರ್ಷ ಕೂಟ ನಡೆಸಿದವರು:
ಬ್ರದರ್, ನಾನು ಮಾಡಿದ ತಪ್ಪು ಮೊದಲು ಹೇಳಿಬಿಡುತ್ತೇನೆ. ಮೊದಲ ಎರಡು ವರ್ಷ ನಮ್ಮದು ಬರೀ ಹಂಚುವ ಸೇವೆ. ಹಬ್ಬ ಬಂತು ಅಂದರೆ ವೃದ್ಧಾಶ್ರಮಕ್ಕೆ ಹೋಗೋದು, ಸೋಪು ಟವೆಲ್ ಕೊಡೋದು, ಎರಡು ಹಾಡು, ಒಂದು ಗ್ರೂಪ್ ಫೋಟೋ, ವಾಪಸ್.

ಒಂದು ಸಲ ಅಜ್ಜಿಯೊಬ್ಬರು ತಮ್ಮ ಕಪಾಟಿನ ಬಾಗಿಲು ತೆಗೆದು ತೋರಿಸಿದರು. ಒಳಗೆ ಬಿಚ್ಚದ ಸೋಪುಗಳು ಸಾಲಾಗಿ ಪೇರಿಸಿದ್ದವು. ನಾವು ಕೊಟ್ಟಿದ್ದೂ ಇತ್ತು, ಬೇರೆ ಗುಂಪುಗಳು ಕೊಟ್ಟಿದ್ದೂ ಇತ್ತು. "ಇದು ಸಾಕು ಮಗ. ನನಗೆ ಬಗ್ಗೋಕೆ ಆಗಲ್ಲ, ಕಾಲಿನ ಉಗುರು ಕತ್ತರಿಸಿ ಕೊಡ್ತೀಯಾ?" ಅಂದರು. ನನ್ನ ಜೊತೆ ಬಂದಿದ್ದ ಹದಿನಾರರ ಹುಡುಗ ಒಂದು ನಿಮಿಷ ನನ್ನ ಮುಖ ನೋಡಿದ. ಆಮೇಲೆ ನೆಲದ ಮೇಲೆ ಕೂತು, ಅವರ ಪಾದ ತೊಡೆಯ ಮೇಲಿಟ್ಟುಕೊಂಡು ಕತ್ತರಿಸಿದ. ಅರ್ಧ ಗಂಟೆ ಹಿಡಿಯಿತು. ಕೂಟಕ್ಕೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ ಅನ್ನುವ ಹುಡುಗ ಅವನು. ಮುಂದಿನ ವಾರ ಅವನೇ ಫೋನ್ ಮಾಡಿ "ಯಾವಾಗ ಹೋಗೋಣ?" ಅಂದ.

ಅವತ್ತಿಂದ ಎರಡು ಮಾತು ಹಿಡಿದುಕೊಂಡೆವು. ಹೋಗುವ ಮೊದಲು ಏನು ಬೇಕು ಅಂತ ಅಲ್ಲಿನವರನ್ನೇ ಕೇಳೋದು. ಹತ್ತು ಕಡೆ ಓಡಾಡದೆ ಒಂದೇ ಜಾಗಕ್ಕೆ ತಪ್ಪದೆ ಹೋಗೋದು. ವರ್ಷಕ್ಕೊಂದು ದೊಡ್ಡ ಕಾರ್ಯಕ್ರಮಕ್ಕಿಂತ ತಿಂಗಳಿಗೆ ಎರಡು ಶನಿವಾರ ಸಾಕು. ಹೆಸರು ಹಿಡಿದು ಕರೆಯುವಷ್ಟು ಪರಿಚಯ ಆಗಬೇಕು, ಅಷ್ಟೇ.

ಬೀದಿ ದೀಪದ ಕೆಲಸ ಮಾಡಿದವರು:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸೇವೆ ಎಲ್ಲಿ ಮುಗಿದು ನ್ಯಾಯ ಎಲ್ಲಿ ಶುರುವಾಗುತ್ತೆ ಅನ್ನೋದು ನಮಗೆ ಒಂದು ಟಾರ್ಚಿನಿಂದ ಗೊತ್ತಾಯಿತು. ರಾತ್ರಿ ಪಾಳಿ ಮುಗಿಸಿ ಬರುವ ಹೆಂಗಸರ ದಾರಿ ಪೂರ್ತಿ ಕತ್ತಲೆ. ನಾವು ದುಡ್ಡು ಕೂಡಿಸಿ ಟಾರ್ಚ್ ಕೊಟ್ಟೆವು. ಎಲ್ಲರಿಗೂ ಖುಷಿ. ವಾಪಸ್ ಬಂದು ಕೂತಾಗ ಎಲ್ಲರಿಗಿಂತ ಚಿಕ್ಕ ಹುಡುಗಿ ಕೇಳಿದಳು: "ಕಂಬ ಇದೆಯಲ್ವಾ, ಯಾಕೆ ಉರಿಯಲ್ಲ?"

ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮುಂದಿನ ವಾರ ನೋಟ್‌ಬುಕ್ ಹಿಡಿದು ಕಂಬ ಎಣಿಸಿದೆವು. 19ರಲ್ಲಿ 11 ಸತ್ತಿದ್ದವು. ಅರ್ಜಿ ಬರೆಯಲು ನಾವು ಕೈಜೋಡಿಸಿದೆವು. ಸಹಿ ಹಾಕಿದ್ದು, ಕಚೇರಿಗೆ ಹೋಗಿ ಮಾತಾಡಿದ್ದು ಆ ಹೆಂಗಸರೇ. ಅವರ ಬಾಯಿಂದ ಮಾತು ಕಿತ್ತುಕೊಂಡು ನಾವೇ ಆಡಿದ್ದರೆ ಅದೂ ಒಂಥರಾ ಅನ್ಯಾಯವೇ ಆಗುತ್ತಿತ್ತು. ಐದು ತಿಂಗಳು ಅಲೆದಾಟ. ಕೊನೆಗೆ ಏಳು ದೀಪ ಹತ್ತಿದವು. ಉಳಿದ ನಾಲ್ಕು ಇವತ್ತಿಗೂ ಹಾಗೇ ಇವೆ, ಸುಳ್ಳು ಹೇಳಲ್ಲ.

"ನೋಡು, ತೂಗಿ ನೋಡು, ಮಾಡು" ಅನ್ನುವ ಕ್ರಮ ಹೊಸದೇನಲ್ಲ. ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ 1925ರಲ್ಲಿ ಕಟ್ಟಿದ ಯುವ ಕಾರ್ಮಿಕರ ಚಳವಳಿ ನಡೆದದ್ದು ಇದರ ಮೇಲೇ. ಕಣ್ಣಾರೆ ನೋಡಿ, ದೇವರ ವಾಕ್ಯದ ಮುಂದಿಟ್ಟು ತೂಗಿ, ಕೈಲಾದದ್ದು ಮಾಡಿ, ಮತ್ತೆ ನೋಡೋದು. ನಮ್ಮ ಬೈಬಲ್ ಅಧ್ಯಯನವೂ ಈಗ ಹೀಗೇ. ಕಂಬ ಎಣಿಸಿದ ವಾರ ಆಮೋಸ 5 ಓದಿದೆವು. ನ್ಯಾಯ ಹೊಳೆಯಂತೆ ಹರಿಯಲಿ ಅನ್ನುವ ಮಾತು ಬಂದಾಗ ಯಾರೂ ಆಕಳಿಸಲಿಲ್ಲ.

ಒಬ್ಬ ತಾಯಿ:
ನನ್ನ ಮಗಳು ಇಂಥದ್ದೇ ಗುಂಪಿನಲ್ಲಿದ್ದಾಳೆ. ಹೆತ್ತವರ ಕಡೆಯಿಂದ ಒಂದೆರಡು ಮಾತು. ಎಲ್ಲಿಗೆ, ಎಷ್ಟು ಹೊತ್ತಿಗೆ, ಜೊತೆಗೆ ಯಾರು ಅನ್ನೋದನ್ನು ಬರೆದು ಕೊಡಿ, ನಮ್ಮ ಸಹಿ ತಗೊಳ್ಳಿ. ಯಾವಾಗಲೂ ಇಬ್ಬರು ದೊಡ್ಡವರಿರಲಿ, ಒಬ್ಬರೇ ಬೇಡ. ಮತ್ತೆ ಆ ಫೋಟೋ! ಸಹಾಯ ತಗೊಳ್ಳುವವರ ಮುಖ ಸ್ಟೇಟಸ್‌ಗೆ ಹಾಕಬೇಡಿ. ಆ ಜಾಗದಲ್ಲಿ ನಮ್ಮ ಮಕ್ಕಳಿದ್ದರೆ ನಾವು ಒಪ್ಪುತ್ತಿದ್ದೆವಾ?

ಚರ್ಚಿನ ಹಿರಿಯರೊಬ್ಬರು:
"ರಾಜಕೀಯ ಬೇಡಪ್ಪ" ಅನ್ನುವವರಲ್ಲಿ ನಾನೂ ಒಬ್ಬ, ಒಪ್ಪಿಕೊಳ್ಳುತ್ತೇನೆ. ನಮ್ಮ ಭಯ ಎರಡು. ಹುಡುಗರು ಯಾವುದೋ ಪಕ್ಷದ ಬಾವುಟ ಹಿಡಿದಾರು. ಪ್ರಾರ್ಥನೆ ಹಿಂದೆ ಬಿದ್ದು ಬರೀ ಸಂಘದ ಕೆಲಸ ಆದೀತು. ದೀಪದ ಅರ್ಜಿಯಲ್ಲಿ ಪಕ್ಷ ಎಲ್ಲಿದೆ ಅಂತ ಕೇಳಿದರೆ ಉತ್ತರ ಇಲ್ಲ, ನಿಜ. ಆದರೂ ಪಕ್ಷದ ವೇದಿಕೆ ಹತ್ತಬೇಡಿ. ಪ್ರಾರ್ಥನೆಯಿಂದ ಹೊರಟು ಪ್ರಾರ್ಥನೆಗೇ ವಾಪಸ್ ಬನ್ನಿ.

ಬೀದಿ ದೀಪದ ಕೆಲಸ ಮಾಡಿದವರು:
ಸರಿ ಅಂಕಲ್. ಆದರೆ 1955ರ ಡಿಸೆಂಬರ್‌ನಲ್ಲಿ ಅಮೆರಿಕದ ಮಾಂಟ್ಗೊಮರಿಯಲ್ಲಿ, ಕಪ್ಪು ಜನರನ್ನು ಬಸ್ಸಲ್ಲಿ ಬೇರೆ ಕೂರಿಸೋದರ ವಿರುದ್ಧ ಬಸ್ ಬಹಿಷ್ಕಾರ ಶುರುವಾದಾಗ, ಅದರ ಮುಂದಾಳು ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಬರೀ 26 ವರ್ಷ. ಅದು 381 ದಿನ ನಡೆಯಿತು. ಜನ ಸೇರುತ್ತಿದ್ದದ್ದು ಚರ್ಚಿನಲ್ಲೇ, ಹಾಡಿ ಪ್ರಾರ್ಥನೆ ಮಾಡುತ್ತಿದ್ದರು. ಅಷ್ಟೇ ಅಲ್ಲ, ಕೆಲಸಕ್ಕೆ ಹೋಗುವವರನ್ನು ಮುಟ್ಟಿಸಲು ಚರ್ಚುಗಳ ಹೆಸರಲ್ಲಿ ವಾಹನಗಳನ್ನೂ ಓಡಿಸಿದರು. ನನಗೆ ಭಾಷಣಕ್ಕಿಂತ ಆ ಗಾಡಿಗಳ ಲೆಕ್ಕ ಬರೆದವರೇ ಜಾಸ್ತಿ ಇಷ್ಟ.

ಹಲವು ವರ್ಷ ಕೂಟ ನಡೆಸಿದವರು:
ಇನ್ನೊಂದು ಮರೆತಿದ್ದೆ. ಸಹಾಯಕ್ಕೆ ಷರತ್ತು ಕಟ್ಟಬೇಡಿ. "ಆರಾಧನೆಗೆ ಬಂದರೆ ಟ್ಯೂಷನ್" ಅಂತ ನಮ್ಮವರೊಬ್ಬರು ಹೇಳಿಬಿಟ್ಟರು, ಮಕ್ಕಳು ಬರೋದನ್ನೇ ನಿಲ್ಲಿಸಿದರು. ಯೇಸು ಹೇಳಿದ ಕಥೆಯಲ್ಲಿ ಗಾಯಗೊಂಡವನನ್ನು ಎತ್ತಿಕೊಂಡು ಹೋದ ಸಮಾರ್ಯದವನು ಅವನ ಮತ ಕೇಳಲಿಲ್ಲ, ಅಲ್ವಾ? ಹುಡುಗರಿಗೆ ಕೆಲಸದ ಜೊತೆ ಅಧಿಕಾರವನ್ನೂ ಕೊಡಿ. ದುಡ್ಡಿನ ಪುಸ್ತಕ ಅವರ ಕೈಲಿರಲಿ, ಎಡವಲಿ. ನಮ್ಮ ಖಜಾಂಚಿಗೆ ಹದಿನೇಳು. ಮೊದಲ ತಿಂಗಳು ಲೆಕ್ಕ ತಪ್ಪಿತ್ತು. ಈಗ ನನ್ನ ಬಸ್ ಟಿಕೆಟ್ಟಿಗೂ ರಸೀದಿ ಕೇಳುತ್ತಾಳೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆ. ನಿನ್ನೆ ಕೂಟದಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಹತ್ತಿರದ ವೃದ್ಧಾಶ್ರಮಕ್ಕೆ ಈ ಶನಿವಾರ ನಾಲ್ಕೇ ಜನ ಹೋಗುತ್ತೇವೆ, ಏನು ಬೇಕು ಅಂತ ಕೇಳೋಕೆ. ಸೋಪು ತರಲ್ಲ. ಒಂದು ಉಗುರು ಕಟರ್ ಮಾತ್ರ ಜೇಬಲ್ಲಿರುತ್ತೆ.