ಮಾರ್ಮನ್ ಯಾಜಕತ್ವ: 1829ರದ್ದಾ, 1835ರದ್ದಾ?

ಪ್ರಶ್ನೆ:
1829ರ ಮೇ 15ರಂದು ಸ್ನಾನಿಕ ಯೋಹಾನ ಕಾಣಿಸಿಕೊಂಡು ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್, ಅವನ ಸಂಗಡಿಗ ಆಲಿವರ್ ಕೌಡರಿ ಇಬ್ಬರಿಗೂ ಆರೋನನ ಯಾಜಕತ್ವ (ಕೆಳಗಿನ ದರ್ಜೆಯ ಧಾರ್ಮಿಕ ಅಧಿಕಾರ) ಕೊಟ್ಟ, ಮುಂದೆ ಪೇತ್ರ, ಯಾಕೋಬ, ಯೋಹಾನರು ಮೆಲ್ಕಿಜೆದೇಕನ ಯಾಜಕತ್ವ (ಮೇಲಿನ ದರ್ಜೆಯದು) ಕೊಟ್ಟರು ಅನ್ನುತ್ತದೆ ಮಾರ್ಮನ್ ಸಭೆಯ ಇತಿಹಾಸ. ಸಭೆಯ ಮೊದಲ ಸದಸ್ಯರಲ್ಲೊಬ್ಬನಾದ ಡೇವಿಡ್ ವಿಟ್ಮರ್ ಮಾತ್ರ 1887ರಲ್ಲಿ, ಮಹಾಯಾಜಕ ಪದವಿ ಮೊದಲು ಇರಲೇ ಇಲ್ಲ, ಆಮೇಲೆ ತುರುಕಿದ್ದು ಅಂತ ಬರೆದ. ಯಾರದ್ದು ಸರಿ? ಪಂಗಡಗಳು ಒಡೆದದ್ದೂ ಇದಕ್ಕೇನಾ?

ಉತ್ತರ 1:
ಈಗಿನ ‘ಡಾಕ್ಟ್ರಿನ್ ಅಂಡ್ ಕವನೆಂಟ್ಸ್’ (ಸ್ಮಿತ್‌ನ ದೈವವಾಣಿಗಳ ಸಂಗ್ರಹ) ಒಂದನ್ನೇ ನಂಬಿ ಕಾಲ ನಿರ್ಣಯಿಸಲು ಹೋದರೆ ಎಡವುತ್ತೀರಿ. ಪ್ರಕರಣದ ತಲೆಯ ಮೇಲಿನ ತಾರೀಖು ಒಳಗಿನ ಪ್ರತಿ ಸಾಲಿಗೂ ಅನ್ವಯಿಸುವುದಿಲ್ಲ. 27ನೇ ಪ್ರಕರಣವನ್ನೇ ತೆಗೆದುಕೊಳ್ಳಿ, ಮೇಲೆ 1830 ಅಂತಿದೆ. ಈ ಗ್ರಂಥದ ಹಿಂದಿನ ರೂಪವಾದ 1833ರ ‘ಬುಕ್ ಆಫ್ ಕಮಾಂಡ್‌ಮೆಂಟ್ಸ್’ನ 28ನೇ ಅಧ್ಯಾಯ ಪಕ್ಕಕ್ಕಿಟ್ಟು ನೋಡಿ: ದ್ರಾಕ್ಷಾರಸದ ಮಾತಿದೆ, ಪೇತ್ರನ ಸುಳಿವಿಲ್ಲ, ಸ್ನಾನಿಕ ಯೋಹಾನನದ್ದೂ ಇಲ್ಲ. ಇಬ್ಬರೂ ಬಂದದ್ದು 1835ರ ಮುದ್ರಣದಲ್ಲಿ. 20ನೇ ಪ್ರಕರಣದ ಮಹಾಯಾಜಕರೂ (65ರಿಂದ 67ನೇ ವಚನ) ಹಾಗೇ.

ಹಾಗಂತ ಎಲ್ಲವೂ 1835ರಲ್ಲಿ ಕಟ್ಟಿದ್ದು ಅನ್ನಲೂ ಬರುವುದಿಲ್ಲ. ಸ್ಮಿತ್ 1832ರಲ್ಲಿ ಬರೆದ ಇತಿಹಾಸದಲ್ಲೇ ದೇವದೂತರ ಮೂಲಕ ಯಾಜಕತ್ವ ಬಂದ ಮಾತಿದೆ, ಹೆಸರುಗಳಿಲ್ಲ ಅಷ್ಟೆ. ಮಹಾಯಾಜಕ ದೀಕ್ಷೆ ಶುರುವಾದದ್ದು 1831ರ ಜೂನ್‌ನಲ್ಲಿ, ಒಹಾಯೊದ ಕರ್ಟ್‌ಲೆಂಡ್ ಸಮ್ಮೇಳನದಲ್ಲಿ. ಸಭೆ ಹುಟ್ಟಿದ್ದು ಅದಕ್ಕೂ ಮೊದಲೇ, 1830ರ ಏಪ್ರಿಲ್ 6ಕ್ಕೆ. ಆ ಮಟ್ಟಿಗೆ ವಿಟ್ಮರ್ ಹೇಳಿದ್ದು ಸರಿ. ದರ್ಶನ ಆಯಿತೋ ಇಲ್ಲವೋ ಅನ್ನುವುದನ್ನು ಮುದ್ರಣ ನೋಡಿ ತೀರ್ಮಾನಿಸಲಾಗದು.

ಉತ್ತರ 2:
ಒಡಕಿನ ಬಗ್ಗೆ: 1844ರ ಜೂನ್ 27ರಂದು ಸ್ಮಿತ್ ಕೊಲೆಯಾದಾಗ ಜಗಳ ಎದ್ದದ್ದು ಅಧಿಕಾರದ ಕೀಲಿ ಯಾರ ಕೈಯಲ್ಲಿ ಅಂತ. ಹನ್ನೆರಡು ಅಪೊಸ್ತಲರ ಮುಖ್ಯಸ್ಥ ಬ್ರಿಗಮ್ ಯಂಗ್, ಅದು ಆ ಹನ್ನೆರಡು ಮಂದಿಯ ಕೈಯಲ್ಲಿದೆ ಅಂದ. ಸಿಡ್ನಿ ರಿಗ್ಡನ್, ಪ್ರಥಮ ಅಧ್ಯಕ್ಷತೆಯಲ್ಲಿ (ಸಭೆಯ ಅತ್ಯುನ್ನತ ಮಂಡಳಿ) ಉಳಿದವನು ನಾನೇ ಅಂದ. 1860ರಲ್ಲಿ ಸ್ಮಿತ್‌ನ ಮಗ ಮೂರನೇ ಜೋಸೆಫ್ ಸ್ಮಿತ್‌ನನ್ನು ಆರಿಸಿದವರಿಗೆ ವಂಶವೇ ಆಧಾರ.

ಜೇಮ್ಸ್ ಸ್ಟ್ರ್ಯಾಂಗ್‌ನದ್ದು ಎಲ್ಲಕ್ಕಿಂತ ಸ್ವಾರಸ್ಯ. ಸ್ಮಿತ್ ತನ್ನನ್ನೇ ಉತ್ತರಾಧಿಕಾರಿ ಮಾಡಿದ ಅಂತ ಜೂನ್ 18ರ ತಾರೀಖಿನ ನೇಮಕಪತ್ರ ತೋರಿಸಿದ. ಅದರ ಸಹಿ ಸ್ಮಿತ್‌ನ ಕೈಬರಹವಲ್ಲ. ಜೊತೆಗೆ ದೇವದೂತನೇ ದೀಕ್ಷೆ ಕೊಟ್ಟ ಅಂದ. ಇದೇ ಅವನ ಸಭೆಗೆ ಉರುಳಾಯಿತು. 1856ರಲ್ಲಿ ಗುಂಡೇಟು ತಿಂದು ಸಾಯುವಾಗಲೂ ಉತ್ತರಾಧಿಕಾರಿಯನ್ನು ಹೆಸರಿಸಲಿಲ್ಲ. ದೂತ ಬಾರದೆ ಪ್ರವಾದಿ ಆಗುವಂತಿಲ್ಲ ಅಂದಮೇಲೆ ಅನುಯಾಯಿಗಳು ಏನು ಮಾಡಬೇಕು?

ಟೆಂಪಲ್ ಲಾಟ್ ಎಂಬ ಇನ್ನೊಂದು ಪಂಗಡದವರು ನೇರವಾಗಿ ವಿಟ್ಮರ್ ವಾದದ ಕಡೆ. ಅವರಿಗೆ 1833ರ ಪುಸ್ತಕವೇ ಪ್ರಮಾಣ, ಮಹಾಯಾಜಕ ಪದವಿ ಇಲ್ಲ.

ಉತ್ತರ 3:
‘ಡಾಕ್ಟ್ರಿನ್ ಅಂಡ್ ಕವನೆಂಟ್ಸ್’ನಲ್ಲಿ ಯಾಜಕತ್ವದ ಪದವಿಗಳನ್ನು ವಿವರಿಸುವ 107ನೇ ಪ್ರಕರಣ ಓದುವಾಗಲೂ ಹುಷಾರು. ತಲೆಬರಹ 1835 ಅಂದರೂ 59ನೇ ವಚನದಿಂದಾಚೆಗಿನ ಬಹುಪಾಲು 1831ರ ನವೆಂಬರ್‌ನದ್ದು. ಅಂದರೆ ಅಲ್ಲಿ ಹಳೆಯದು ಕೆಳಗೆ, ಹೊಸದು ಮೇಲೆ. 27ರಲ್ಲಿ ಇದು ತಿರುಗುಮುರುಗು.